ತಂಬೂರಿಯ ನಾಲ್ಕು ತಂತಿ, ನಾಯಿಯ ಒಂದು ಬಾಲ

ಈ ಸಲ ನಮ್ಮ ಅಂಕಣದಲ್ಲಿ ಎರಡು ವಿಷಯಗಳು ಜೊತೆಯಾಗಿ ಬಂದು ಕುಳಿತಿವೆ. ಒಂದು ತಂಬೂರಿ, ಇನ್ನೊಂದು ಬೀದಿಯ ನಾಯಿ. ಇವೆರಡಕ್ಕೂ ಏನು ನಂಟು ಎಂದು ವಾಚಕರು ಹುಬ್ಬೇರಿಸಿದರೆ ತಪ್ಪಲ್ಲ. ಸರಕಾರಿ ಕಚೇರಿಯಲ್ಲಿ ಬೇರೆ ಬೇರೆ ಶಾಖೆಯ ಎರಡು ಕಾಗದಗಳು ಒಂದೇ ಫೈಲಿನಲ್ಲಿ ಸೇರಿಬಿಟ್ಟರೆ ಗುಮಾಸ್ತನಾದವನು ಮೇಲಿನವರಿಗೆ ವಿವರಣೆ ಕೊಡಬೇಕಾಗುತ್ತದೆ. ನಾವೂ ಕೊಡುತ್ತೇವೆ, ಆದರೆ ಕಚೇರಿಯ ಪದ್ಧತಿಯಂತೆಯೇ, ಸ್ವಲ್ಪ ಸಾವಕಾಶವಾಗಿ.

ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗನು ಇಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವ ವಿದ್ಯೆ ಯಾವುದು? ಮರಾಠಿಯಲ್ಲ, ಹಿಂದಿಯಲ್ಲ, ಓಡುವ ಲೋಕಲ್ ಹತ್ತುವುದೂ ಅಲ್ಲ. ಕೇಳದೆ ಇರುವ ವಿದ್ಯೆ! ಬೆಳಗಿನ ನಾಲ್ಕಕ್ಕೆ ಶುರುವಾಗುವ ರೈಲು, ಆರಕ್ಕೆ ಎಂಟು ಮನೆಗಳ ಕುಕ್ಕರಿನ ಸಿಳ್ಳು, ಮೇಲಿನ ಮಾಳಿಗೆಯವರು ಗೋಡೆ ಕೊರೆಯುವ ಯಂತ್ರ, ಗಣಪತಿ ಹಬ್ಬದ ಹತ್ತು ದಿನಗಳ ಧ್ವನಿವರ್ಧಕ. ಇವನ್ನೆಲ್ಲ ಕೇಳುತ್ತ ಕುಳಿತರೆ ಬದುಕುವುದು ಹೇಗೆ? ಆದುದರಿಂದ ದೇವರು ಕಿವಿಗೆ ಕೊಡದ ಕದವನ್ನು ಮುಂಬಯಿಯವರು ತಾವೇ ಮಾಡಿ ಹಚ್ಚಿಕೊಂಡಿದ್ದಾರೆ. ಕದವೇನೋ ಗಟ್ಟಿಯಾಗಿದೆ. ತೊಂದರೆಯೆಂದರೆ, ಗದ್ದಲವನ್ನು ತಡೆಯುವ ಕದವು ಮೆಲುದನಿಯನ್ನೂ ತಡೆಯುತ್ತದೆ.

ತಂಬೂರಿಯ ದನಿ ಅಂಥ ಮೆಲುದನಿ. ಅದನ್ನು ಒಂದು ವಾದ್ಯವೆಂದು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ. ಕಚೇರಿಗೆ ಹೋದರೆ (ಸಂಗೀತದ ಕಚೇರಿ, ನಮ್ಮದಲ್ಲ) ಗವಾಯಿಗಳಿಗೆ ಶಾಲು, ತಬಲದವರಿಗೆ ಚಪ್ಪಾಳೆ, ಹಾರ್ಮೋನಿಯಮ್ಮಿನವರಿಗೆ ಒಂದು ತಲೆದೂಗು. ಹಿಂದೆ ಕುಳಿತು ಮೂರು ತಾಸು ತಂಬೂರಿ ಮೀಟಿದ ಶಿಷ್ಯನಿಗೆ ಬೆರಳು ನೋವು. ನಾಲ್ಕೇ ತಂತಿ. ಒಂದು ಪಂಚಮ, ಎರಡು ಜೋಡಿ ಷಡ್ಜ, ಒಂದು ಖರ್ಜ. ರಾಗವಿಲ್ಲ, ತಾಳವಿಲ್ಲ, ಏರಿಲ್ಲ, ಇಳಿವಿಲ್ಲ. ಮೀಟಿದ್ದನ್ನೇ ಮತ್ತೆ ಮೀಟುವುದು. ಇದರಲ್ಲಿ ಕೇಳುವುದಕ್ಕೆ ಏನಿದೆ ಎನ್ನುವವರು ಒಂದು ಪರೀಕ್ಷೆ ಮಾಡಿ ನೋಡಬಹುದು. ಮನೆಯವರೆಲ್ಲ ಮಲಗಿದ ಮೇಲೆ ಹದಿನೈದು ನಿಮಿಷ ತಂಬೂರಿಯೊಂದನ್ನೇ ಕೇಳುತ್ತ ಕುಳಿತುಕೊಳ್ಳಿ. ಮೊದಲ ಎರಡು ನಿಮಿಷ ಸೊಳ್ಳೆಯ ಹಾಡಿನಂತಿರುತ್ತದೆ. ಐದನೆಯ ನಿಮಿಷಕ್ಕೆ ಕಚೇರಿಯ ಚಿಂತೆ ಬರುತ್ತದೆ. ಅದನ್ನೂ ದಾಟಿ ಕುಳಿತವರಿಗೆ ಹತ್ತನೆಯ ನಿಮಿಷದ ಸುಮಾರಿಗೆ ಒಂದು ಗಾಂಧಾರ ಕೇಳಿಸುತ್ತದೆ. ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿಲ್ಲ. ಆದರೂ ಖರ್ಜದ ತಂತಿಯ ಒಡಲಿನಿಂದ ಅದು ತಾನಾಗಿ ಏಳುತ್ತದೆ. ಖರ್ಜದ ಐದು ಪಟ್ಟಿನ ಕಂಪನ ಅದು. ಒಮ್ಮೆ ಹಿಡಿದ ಕಿವಿ ಮುಂದೆ ಅದನ್ನು ಬಿಡುವುದಿಲ್ಲ.

ಈ ಮಾಯೆಯ ಗುಟ್ಟು ಇರುವುದು ಕುದುರೆಯಲ್ಲಿ. ತಂತಿಗಳು ಹಾಯ್ದು ಹೋಗುವ ಆ ಪುಟ್ಟ ಹಲಗೆಗೆ ನಮ್ಮವರು ಕುದುರೆ ಎಂದೇ ಹೆಸರಿಟ್ಟಿದ್ದಾರೆ. ಅದರ ಬೆನ್ನು ಚೂಪಾಗಿಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ಅದರ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆಯನ್ನು ಸಿಕ್ಕಿಸಿ, ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ಜವಾರಿ ತೆರೆಯುತ್ತಾರೆ. ಸರ್ ಸಿ. ವಿ. ರಾಮನ್ನರು 1921ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೆಯೋ ಅದರಿಂದಾಗಿ ಕೆಲವು ಉಪಸ್ವರಗಳು ಹುಟ್ಟಲೇಬಾರದು ಎಂಬುದು ಯುರೋಪಿನ ಪಂಡಿತರು ಕಂಡುಕೊಂಡ ನಿಯಮ. ನಮ್ಮ ತಂಬೂರಿ, ವೀಣೆಗಳು ಆ ನಿಯಮವನ್ನು ಮೀರಿ ಆ ಸ್ವರಗಳನ್ನೂ ನುಡಿಯುತ್ತವೆ, ಅದಕ್ಕೆ ಕಾರಣ ಈ ಕುದುರೆಯ ಆಕಾರ ಎಂದು ಅವರು ತೋರಿಸಿದರು. ಹೆಸರಿಲ್ಲದ ಕುಶಲಿಗಳು ಕಿವಿಯಿಂದಲೇ ಕಂಡುಕೊಂಡದ್ದಕ್ಕೆ ವಿಜ್ಞಾನವು ಆಮೇಲೆ ಬಂದು ಷರಾ ಬರೆಯಿತು.

ಆ ಕುಶಲಿಗಳ ಊರು ನಮ್ಮ ಗಡಿಯ ಪಕ್ಕದ್ದೇ. ಮೀರಜ! ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ರೈಲಿನಲ್ಲಿ ಮುಂಬಯಿಗೆ ಬರುವ ನಮ್ಮವರಿಗೆ ಮೀರಜವೆಂದರೆ ಚಹಾ ಕುಡಿಯುವ ನಿಲ್ದಾಣ. ಅದೇ ಊರಿನ ಶಿಕಲಗಾರರು ಒಂದು ಕಾಲಕ್ಕೆ ಕತ್ತಿ ಸಾಣೆ ಹಿಡಿಯುತ್ತಿದ್ದವರು. ಕತ್ತಿಗಳ ಕಾಲ ಮುಗಿದ ಮೇಲೆ ಸೋರೆಬುರುಡೆಯನ್ನು ಕೈಗೆತ್ತಿಕೊಂಡು ತಂಬೂರಿ, ಸಿತಾರುಗಳನ್ನು ಮಾಡತೊಡಗಿದರು. ಮೀರಜದ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಮುದ್ರೆಯಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಬೇರೆ ಮಾತು.

ಮೀರಜದಲ್ಲಿ ನೆಲೆಸಿದ್ದವರು ಖಾನ್ ಸಾಹೇಬ ಅಬ್ದುಲ್ ಕರೀಂ ಖಾನರು. ಹುಟ್ಟಿದ್ದು ಉತ್ತರದ ಕೈರಾನಾದಲ್ಲಿ, ಸಮಾಧಿಯಾದದ್ದು ಮೀರಜದ ದರ್ಗಾದಲ್ಲಿ; ಆದರೆ ಅವರ ಬೀಜ ಬಿದ್ದು ಮರವಾದದ್ದು ನಮ್ಮ ಧಾರವಾಡದ ಮಣ್ಣಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಇವರ ಶಿಷ್ಯರು. ಖಾನ್ ಸಾಹೇಬರಿಗೆ ತಂಬೂರಿ ಹಿನ್ನೆಲೆಯಾಗಿರಲಿಲ್ಲ, ಅದೇ ಮನೆಯಾಗಿತ್ತು. 1937ರ ಅಕ್ಟೋಬರದಲ್ಲಿ ಪಾಂಡಿಚೇರಿಯ ಕಡೆಗೆ ರೈಲಿನಲ್ಲಿ ಹೋಗುತ್ತಿದ್ದಾಗ ಅವರಿಗೆ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಹಾಸಿಗೆ ಹಾಸಿಸಿಕೊಂಡು, ತಂಬೂರಿ ಕೂಡಿಸಲು ಹೇಳಿ, ಪ್ರಾರ್ಥನೆಯನ್ನು ಹಾಡುತ್ತ ಅಲ್ಲಿಯೇ ದೇಹ ಬಿಟ್ಟರು.

ಒಂದೇ ಸ್ವರದ ಮೇಲೆ ಅವಸರವಿಲ್ಲದೆ ನಿಲ್ಲುವ ಈ ಕಿರಾಣಾ ಘರಾಣೆಯ ಗುಣವು ಸಮುದ್ರವನ್ನೂ ದಾಟಿದೆ. ಅಮೇರಿಕೆಯಲ್ಲಿ ಲಾ ಮಾಂಟ್ ಯಂಗ್ ಎಂಬವನು 1960ರಲ್ಲಿ ಒಂದು ಕೃತಿ ರಚಿಸಿದ. ಅದರಲ್ಲಿರುವುದು ಎರಡೇ ಸ್ವರ, ಷಡ್ಜ-ಪಂಚಮಗಳ ಅಂತರದವು, ಬಹಳ ಹೊತ್ತು ಹಿಡಿದಿರಬೇಕು ಎಂಬ ಒಂದು ಸೂಚನೆ, ಅಷ್ಟೆ! 1964ರಲ್ಲಿ ಟೆರ್ರಿ ರೈಲಿ ಎಂಬವನು ಐವತ್ತಮೂರು ಚುಟುಕು ತುಣುಕುಗಳನ್ನು ಬರೆದು, ನುಡಿಸುವವರು ಒಂದೊಂದನ್ನೂ ಇಷ್ಟ ಬಂದಷ್ಟು ಸಲ ನುಡಿಸಿ ಮುಂದೆ ಸಾಗಲಿ ಎಂದ. ಇಂಥ ಮಿತವ್ಯಯದ ಸಂಗೀತಕ್ಕೆ ಅವರು ಮಿನಿಮಲಿಸಂ ಎಂದು ಹೆಸರಿಟ್ಟರು. ಇವರಿಬ್ಬರೂ ಮುಂದೆ ಯಾರ ಕಾಲಿಗೆ ಎರಗಿದರು ಗೊತ್ತೆ? 1970ರಲ್ಲಿ ಅಮೇರಿಕೆಗೆ ಹೋದ ಪಂಡಿತ ಪ್ರಾಣನಾಥರ ಕಾಲಿಗೆ. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನರು, ಕರೀಂ ಖಾನರ ಬಂಧುಗಳು, ಅದೇ ಕಿರಾಣಾದವರು. ಹಾಗೆ ನೋಡಿದರೆ ನ್ಯೂಯಾರ್ಕಿನ ಆ ಗಡ್ಡದವರು ನಮ್ಮ ಕುಂದಗೋಳದವರಿಗೆ ದಾಯಾದಿಗಳಾಗುತ್ತಾರೆ. ಅವರ ಸಂಗೀತವೆಲ್ಲ ನಮಗೆ ಹಿಡಿಸಿತೆಂದು ಹೇಳುವುದಿಲ್ಲ. ಕೆಲವು ಕಡೆ ಅದು ಕೆಟ್ಟುನಿಂತ ಪಂಪಿನಂತೆ ಕೇಳುತ್ತದೆ. ರೈಲಿಯ ಐವತ್ತಮೂರು ತುಣುಕುಗಳು ಮಾತ್ರ ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಹನಿ ಬಿದ್ದಂತಿವೆ. ನಾವು ಎರಡು ಸಲ ಕೇಳಿದೆವು.

ನಮಗೆ ಇನ್ನೂ ಹತ್ತಿರದ್ದು ರುದ್ರವೀಣೆ. ಜಿಯಾ ಮೊಹಿಯುದ್ದೀನ್ ಡಾಗರರು (1929–1990) ಪನವೇಲಿನ ಹತ್ತಿರದ ಪಳಸ್ಪೆಯಲ್ಲಿ ಗುರುಕುಲ ಕಟ್ಟಿದರು. ತಮ್ಮ ವೀಣೆಗೆ ದೊಡ್ಡ ಬುರುಡೆ, ದಪ್ಪ ತಂತಿ ಹಾಕಿಸಿಕೊಂಡರು. ಅವರ ಆಲಾಪದಲ್ಲಿ ಒಂದು ಮೀಟಿಗೂ ಮತ್ತೊಂದಕ್ಕೂ ನಡುವೆ ಒಂದು ಉಸಿರನ್ನು ಪೂರ್ತಿ ಎಳೆದು ಬಿಡುವಷ್ಟು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿಯೇ ಸಂಗೀತವಿದೆ. ಸ್ವರ ಸಣ್ಣಗಾಗುತ್ತ ಸಣ್ಣಗಾಗುತ್ತ ಎಲ್ಲಿ ಮುಗಿಯಿತು ಎಂದು ಹುಡುಕುತ್ತ ಕಿವಿಯು ತನ್ನಷ್ಟಕ್ಕೆ ದೊಡ್ಡದಾಗುತ್ತದೆ.

ತಂಬೂರಿಗೆ ನಮ್ಮ ಖೋಲಿಗಳಲ್ಲಿ ಜಾಗವೆಲ್ಲಿ ಎಂದು ಗೃಹಿಣಿಯರು ಕೇಳಬಹುದು. ಬೆಂಗಳೂರಿನ ಜಿ. ರಾಜನಾರಾಯಣರು 1979ರಲ್ಲಿಯೇ ವಿದ್ಯುತ್ ತಂಬೂರಿಯನ್ನು ತಯಾರಿಸಿ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಡಬ್ಬಿಯ ತಂಬೂರಿಗೆ ಬುರುಡೆಯ ಉಸಿರಿಲ್ಲವೆಂಬುದು ನಿಜ. ಆದರೆ ಅದನ್ನು ಅಡಿಗೆಮನೆಯ ಶೆಲ್ಫಿನಲ್ಲಿ ಸಾಸಿವೆ ಡಬ್ಬಿಯ ಪಕ್ಕಕ್ಕೆ ಇಡಬಹುದು. ನಮ್ಮ ಮನೆಯಲ್ಲಿ ಅದು ಅಲ್ಲಿಯೇ ಇದೆ.

ಇನ್ನು ಎರಡನೆಯ ಕಾಗದ.

ಹಳೆಯ ಗ್ರಾಮೊಫೋನು ತಟ್ಟೆಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಯಾರು ನೋಡಿಲ್ಲ? ಅದರ ಹೆಸರು ನಿಪ್ಪರ್. ಫ್ರಾನ್ಸಿಸ್ ಬರ‍್ರಾಡ್ ಎಂಬ ಚಿತ್ರಕಾರನು ಆ ಚಿತ್ರ ಬರೆಯುವ ಹೊತ್ತಿಗೆ ಪಾಪ, ನಾಯಿ ಸತ್ತು ಹಲವು ವರ್ಷಗಳಾಗಿದ್ದವು. 1899ರಲ್ಲಿ ಕಂಪನಿಯವರು ಚಿತ್ರವನ್ನು ಕೊಂಡು ಜಗತ್ತಿಗೆಲ್ಲ ಹಂಚಿದರು. ಆದರೆ ಕೇಳುವ ನಾಯಿಗಿಂತ ಹಾಡುವ ನಾಯಿಯ ಕತೆ ದೊಡ್ಡದು. ಅದೂ ಅಬ್ದುಲ್ ಕರೀಂ ಖಾನರದೇ. ಅವರ ಬಳಿ ಟೀಪೂ ಮಿಯಾ ಎಂಬ ನಾಯಿಯೊಂದಿತ್ತು; ಅದಕ್ಕೆ ಸ್ವರ ಹಿಡಿಯುವುದನ್ನು ಅವರು ಕಲಿಸಿದ್ದರು; ಸಭೆಯಲ್ಲಿ ಹಾಡಿಸಿಯೂ ಇದ್ದರು. ನಕ್ಕವರು ನಕ್ಕರು. ನಮಗೆ ತೋರುವುದು ಬೇರೆ. ನಾಯಿಗೆ ಕಲಿಸಬೇಕಾದರೆ ಮೊದಲು ನಾಯಿ ಹೇಳುವುದನ್ನು ಆ ಮನುಷ್ಯ ಎಷ್ಟು ದಿನ ಕೇಳಿರಬೇಕು!

ನಾಯಿಯ ಮಾತಿನಲ್ಲಿ ಬೊಗಳು ಬಹಳ ಸಣ್ಣ ಭಾಗ. ನಮ್ಮ ಕಿವಿ ಇಪ್ಪತ್ತು ಸಾವಿರ ಕಂಪನಗಳಿಗೆ ಸುಸ್ತಾದರೆ ಅದರ ಕಿವಿ ನಲವತ್ತು ಸಾವಿರವನ್ನೂ ದಾಟಿ ಕೇಳುತ್ತದೆ. ಹಾಗಿರುವಾಗ ಅದು ನಮ್ಮ ಹಾಗೆ ಕೂಗಾಡುವುದೇಕೆ? ಹೆಚ್ಚಿನದನ್ನೆಲ್ಲ ಅದು ಮೈಯಿಂದಲೇ ಹೇಳುತ್ತದೆ. ಮುಂಗಾಲನ್ನು ನೆಲಕ್ಕೊತ್ತಿ ಹಿಂಭಾಗವನ್ನೆತ್ತಿ ನಿಂತರೆ 'ಬಾ, ಆಡೋಣ' ಎಂದರ್ಥ. ಆಮೇಲೆ ಕಚ್ಚಿದಂತೆ ಮಾಡಿದರೂ ಅದು ಆಟ. ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸಿದರೆ, ತಿನ್ನಲು ಏನೂ ಇಲ್ಲದಾಗ ತುಟಿ ನೆಕ್ಕಿದರೆ, ಮುಖವನ್ನು ಪಕ್ಕಕ್ಕೆ ತಿರುಗಿಸಿದರೆ 'ನನಗೆ ಮುಜುಗರವಾಗುತ್ತಿದೆ, ಸ್ವಲ್ಪ ದೂರ ಸರಿ' ಎಂದರ್ಥ. ನಾರ್ವೆ ದೇಶದ ತುರಿದ್ ರೂಗಾಸ್ ಎಂಬಾಕೆ ಇಂಥ ಸನ್ನೆಗಳನ್ನು ಕೂಡಿಸಿ ಪುಸ್ತಕವನ್ನೇ ಬರೆದಿದ್ದಾರೆ. ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಕಂಡು ಮೈ ಸೆಟೆದುಕೊಂಡರೆ ಅದು ಕೊನೆಯ ನೋಟೀಸು.

'ನಾಯಿಯ ಬಾಲ ಡೊಂಕು' ಎಂದು ಹೇಳಿ ನಮ್ಮವರು ಬಾಲದ ವಿಷಯವನ್ನು ಮುಗಿಸಿಬಿಟ್ಟರು. ಇಟಲಿಯ ಪಂಡಿತರು ಮುಗಿಸಲಿಲ್ಲ. 2007ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ತನ್ನ ಯಜಮಾನನನ್ನು ಕಂಡ ನಾಯಿಯ ಬಾಲವು ಹೆಚ್ಚಾಗಿ ತನ್ನ ಬಲಕ್ಕೆ ಬೀಸಿತು. ಗುರುತಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ ಬೀಸಿತು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಸಂತೋಷವೆಂದು ತಿಳಿಯಬಾರದು. ಎತ್ತಿ ಹಿಡಿದು ಬಿರುಸಾಗಿ ಸಣ್ಣಗೆ ನಡುಗಿಸುವ ಬಾಲ ಎಚ್ಚರಿಕೆಯ ಬಾಲ. ಹಾಗೆಯೇ 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ನಂಬಿ ಕೈ ಚಾಚಿದವರಿಗೆ ಗಾದೆ ಔಷಧಿಯ ಖರ್ಚು ಕೊಡುವುದಿಲ್ಲ.

ನಾವು ಅವುಗಳ ಭಾಷೆ ಕಲಿಯದಿದ್ದರೂ ಅವು ನಮ್ಮದನ್ನು ಕಲಿತಿವೆ. ಕೋಲ್ಕತ್ತಾದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಮತ್ತು ಅವರ ಸಂಗಡಿಗರು ಬೀದಿಯ ನಾಯಿಗಳ ಮುಂದೆ ಎರಡು ಬಟ್ಟಲಿಟ್ಟು, ಒಂದರ ಕಡೆಗೆ ಬೆರಳು ತೋರಿಸಿದರು. ಅರ್ಧದಷ್ಟು ನಾಯಿಗಳು ಹತ್ತಿರಕ್ಕೇ ಬರಲಿಲ್ಲ. ಮನುಷ್ಯರಿಂದ ಪೆಟ್ಟು ತಿಂದವೋ ಏನೋ. ಬಂದವುಗಳಲ್ಲಿ ಹೆಚ್ಚಿನವು, ಯಾರೂ ಕಲಿಸದೆಯೇ, ತೋರಿಸಿದ ಬಟ್ಟಲಿಗೇ ಹೋದವು. 2020ರಲ್ಲಿ ಇದು ಪ್ರಕಟವಾಯಿತು.

ಇದನ್ನೆಲ್ಲ ನಾವು ವಿದ್ವತ್ತಿನ ಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ನಮ್ಮ ಉಪನಗರದ ಸೊಸಾಯಿಟಿಯ ಜಿನೆಯ ಕೆಳಗೆ ಕಾಳ್ಯಾ ಎಂಬ ನಾಯಿಯಿದೆ. ಹೋದ ಮಳೆಗಾಲದಲ್ಲಿ ಅದು ಒಂದನೆಯ ಮಾಳಿಗೆಯ ಆರು ವರ್ಷದ ಹುಡುಗನ ಮುಂಗೈಯನ್ನು ಕಚ್ಚಿತು. ಹುಡುಗ ಮುದ್ದಿನಿಂದ ಅದರ ಕೊರಳನ್ನು ತಬ್ಬಿದ್ದ. ನಾಯಿ ಅನ್ನ ತಿನ್ನುತ್ತಿತ್ತು. ಹಲ್ಲು ಎರಡು ಕಡೆ ಇಳಿದಿತ್ತು. ಪುಣ್ಯಕ್ಕೆ ಹುಡುಗನ ಅಜ್ಜಿ ಅರಿಸಿನ, ಕಾರದಪುಡಿ ಎಂದು ಓಡಾಡುವ ಮೊದಲೇ ಮೂರನೆಯ ಮಾಳಿಗೆಯ ನರ್ಸ್‌ಬಾಯಿ ಬಂದು ನಲ್ಲಿಯ ನೀರಿನ ಕೆಳಗೆ ಸಾಬೂನು ಹಚ್ಚಿ ಕಾಲು ತಾಸು ಗಾಯವನ್ನು ತೊಳೆದರು. ಆಮೇಲೆ ಆಸ್ಪತ್ರೆ, ಗಾಯದ ಸುತ್ತ ಒಂದು ಮದ್ದು, ತೋಳಿಗೆ ಲಸಿಕೆ, ಮತ್ತೆ ಗೊತ್ತುಪಡಿಸಿದ ದಿನಗಳಂದು ಲಸಿಕೆ. ತಾಯಂದಿರು ಇದನ್ನು ಗಂಟು ಕಟ್ಟಿಕೊಳ್ಳಬೇಕು: ಸಾಬೂನು-ನೀರು ಹದಿನೈದು ನಿಮಿಷ, ಅದೇ ದಿನ ಆಸ್ಪತ್ರೆ, ಒಂದು ಸೂಜಿಯೂ ತಪ್ಪಬಾರದು. ಹುಚ್ಚುನಾಯಿಯ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೆಂದೇ ಹೇಳಬೇಕು.

ಭಾನುವಾರ ಸೊಸಾಯಿಟಿಯ ಸಭೆ ಸೇರಿತು. ನಾಯಿಯನ್ನು ಗೋಣಿಯಲ್ಲಿ ಹಾಕಿ ಖಾಡಿಯ ಆಚೆ ಬಿಟ್ಟು ಬರಬೇಕೆಂದು ಅರ್ಧ ಜನ. ಪಾಪವೆಂದು ಅರ್ಧ ಜನ. ಎಲ್ಲವನ್ನೂ ಕಣ್ಣಾರೆ ಕಂಡಿದ್ದವನು ವಾಚಮನ್ ಒಬ್ಬನೇ. ಅವನನ್ನು ಕರೆಸಿದರು. ಅವನು ಹಿಂದಿಯಲ್ಲಿ ಹೇಳಿದ್ದರ ಸಾರಾಂಶವಿಷ್ಟು: "ಅದು ಮೂರು ಸಲ ಬೇಡ ಅಂದಿತ್ತು, ಸಾಹೇಬ್. ತಿನ್ನೋದು ನಿಲ್ಲಿಸಿ ಮುಖ ತಿರುಗಿಸಿತು. ನಾಲಗೆ ಹೊರಗೆ ಹಾಕಿ ತುಟಿ ನೆಕ್ಕಿತು. ಆಮೇಲೆ ಗುರ್ ಅಂತು. ನಾನು ಗೇಟಿನಿಂದ ಓಡಿ ಬರುವುದರೊಳಗೆ ಆಗಿಹೋಯಿತು."

ಸಭೆ ಒಂದು ಕ್ಷಣ ತೆಪ್ಪಗಾಯಿತು. ಆಗ ನಾವು ಮೇಲೆ ಬರೆದುದನ್ನೇ ಸ್ವಲ್ಪ ಹೇಳಹೊರಟೆವು. ಹುಡುಗನ ತಾಯಿ ನಮ್ಮ ದಕ್ಷಿಣ ಕನ್ನಡದವರೇ, ಎದ್ದು ನಿಂತು, "ಅಣ್ಣಾ, ನಿಮ್ಮ ನಾಯಿಪುರಾಣ ಸಾಕು. ನನ್ನ ಮಗ ಆರು ವರ್ಷದವ. ಅವ ಕನ್ನಡ ಅಕ್ಷರ ಕಲಿಯುವ ಮೊದಲು ನಾಯಿಯ ಭಾಷೆ ಕಲಿಯಬೇಕಾ?" ಎಂದರು. ಉತ್ತರ ಹೇಳುವಂಥ ಪ್ರಶ್ನೆಯೇ ಅದಲ್ಲ. ರಾತ್ರಿಯೆಲ್ಲ ಮಗನ ಹಣೆ ಮುಟ್ಟಿ ನೋಡುತ್ತ ಕುಳಿತವರ ಸಿಟ್ಟು ಅದು, ನ್ಯಾಯವಾದದ್ದು.

ಆದರೂ ಕಾಯಿದೆ ಎಂಬುದೊಂದಿದೆ. 2001ರ ನಿಯಮಗಳೂ ಅವುಗಳ ಜಾಗದಲ್ಲಿ ಬಂದ 2023ರ ನಿಯಮಗಳೂ ಹೇಳುವುದು ಒಂದೇ: ಬೀದಿನಾಯಿಯನ್ನು ಹಿಡಿದು, ಸಂತಾನ ತಡೆಯುವ ಶಸ್ತ್ರಕ್ರಿಯೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಕಿವಿಯ ತುದಿಯಲ್ಲಿ ಚಿಕ್ಕ ಕಚ್ಚು ಕಂಡರೆ ಆ ನಾಯಿಗೆ ಶಸ್ತ್ರಕ್ರಿಯೆ ಆಗಿದೆಯೆಂದು ತಿಳಿಯಬೇಕು. 2025ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ರೈಲು ನಿಲ್ದಾಣ ಮೊದಲಾದ ಸ್ಥಳಗಳಲ್ಲಿ ಹಿಡಿದ ನಾಯಿಗಳನ್ನು ಮಾತ್ರ ಮರಳಿ ಅಲ್ಲಿಗೆ ಬಿಡಕೂಡದೆಂದು ಆದೇಶಿಸಿತು. ಈ ಜಗಳ ಮುಂಬಯಿಗೆ ಹೊಸದಲ್ಲ. 1832ರಲ್ಲಿ ಕಂಪನಿ ಸರಕಾರದವರು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಕೋಟೆಯ ಪಾರ್ಸಿಗಳು ಅಂಗಡಿ ಮುಚ್ಚಿ ದಂಗೆಯೆದ್ದರು. ಪರೇಲಿನ ಬಾಯಿ ಸಕ್ಕರಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆ ಕಟ್ಟಿದ್ದೂ ಪಾರ್ಸಿ ದಾನದಿಂದಲೇ. ಟ್ಯಾಕ್ಸಿಯವನಿಗೆ ಆ ಉದ್ದ ಹೆಸರು ಹೇಳಿದರೆ ತಿಳಿಯದು, ಬೈಲ್-ಘೋಡಾ ಆಸ್ಪತ್ರೆ ಎನ್ನಬೇಕು. ನಮ್ಮವರೇನು ಕಡಿಮೆ? ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನವು ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಂತ ಕಲ್ಲು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ಹೆಸರಿನಲ್ಲಿ ಭೂಮಿ ಬಿಟ್ಟು ಪೂಜೆಗೂ ಏರ್ಪಾಡು ಮಾಡಿದ್ದರು. ಅದೇ ಕಲ್ಲಿನ ಮೇಲೆ ರಾಜರ ಯುದ್ಧದ ಸುದ್ದಿಯೂ ಇದೆ. ಶಿಲ್ಪಿ ಕೆತ್ತಿದ್ದು ಮಾತ್ರ ನಾಯಿ-ಹಂದಿಗಳ ಕಾಳಗವನ್ನು.

ಕೊನೆಗೆ ಸಭೆಯಲ್ಲಿ ತೀರ್ಮಾನವಾದದ್ದಿಷ್ಟು. ಕಾಳ್ಯಾನಿಗೆ ಅನ್ನ ಹಾಕುವುದು ಜಿನೆಯ ಬಳಿಯಲ್ಲ, ಪಂಪಿನ ಕೋಣೆಯ ಹಿಂದೆ, ಮಕ್ಕಳು ಆಟಕ್ಕೆ ಇಳಿಯುವ ಮೊದಲು. ವಾರ್ಡಿನ ಗಾಡಿಯನ್ನು ಕರೆಸಿ ಲಸಿಕೆ. ಮಕ್ಕಳನ್ನು ಕೂಡಿಸಿ ನರ್ಸ್‌ಬಾಯಿಯಿಂದ ಅರ್ಧ ತಾಸಿನ ಪಾಠ: ತಿನ್ನುವ, ಮಲಗಿದ, ಮರಿಯಿರುವ ನಾಯಿಯ ಹತ್ತಿರ ಹೋಗಬಾರದು, ನಾಯಿ ಮೇಲೆ ಬಂದರೆ ಓಡಬಾರದು, ಕೈ ಇಳಿಬಿಟ್ಟು ಮರದಂತೆ ನಿಲ್ಲಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಗುರ್ ಎಂದ ನಾಯಿಗೆ ಹೊಡೆಯಬಾರದು, ಹೊಡೆದರೆ ಮುಂದಿನ ಸಲ ಅದು ಹೇಳದೆಯೇ ಕಚ್ಚೀತು. ಪಾಠಕ್ಕೆ ಹನ್ನೊಂದು ಮಕ್ಕಳು ಬಂದರು. ಕಚ್ಚಿಸಿಕೊಂಡ ಹುಡುಗ ಬರಲಿಲ್ಲ. ಅವನ ತಾಯಿ ಈಗಲೂ ಅವನ ಕೈ ಹಿಡಿದು ಹಿಂದಿನ ಗೇಟಿನಿಂದಲೇ ಶಾಲೆಗೆ ಕರೆದೊಯ್ಯುತ್ತಾರೆ. ನಮ್ಮೊಡನೆ ಮಾತು ಅಷ್ಟಕ್ಕಷ್ಟೆ.

ನಮ್ಮ ಮಗಳಿಗೆ ಪಾಠ ಚೆನ್ನಾಗಿ ಹತ್ತಿದೆ. ಬೆಲ್‌ಫಾಸ್ಟಿನ ಪಂಡಿತರು 2002ರಲ್ಲಿ ಅನಾಥ ನಾಯಿಗಳಿಗೆ ಬಗೆಬಗೆಯ ಸಂಗೀತ ಕೇಳಿಸಿ, ಶಾಸ್ತ್ರೀಯ ಸಂಗೀತಕ್ಕೆ ಅವು ಶಾಂತವಾಗಿ ಮಲಗಿದವೆಂದೂ ಅಬ್ಬರದ ಲೋಹದ ಸಂಗೀತಕ್ಕೆ ಹೆಚ್ಚು ಬೊಗಳಿದವೆಂದೂ ಬರೆದುದನ್ನು ನಾವು ಊಟದ ಹೊತ್ತಿನಲ್ಲಿ ಹೇಳಿದೆವು. ಹೇಳಿದ್ದೇ ತಡ, "ಅಪ್ಪಾ, ಕಾಳ್ಯಾನಿಗೆ ತಂಬೂರಿ ಕೇಳಿಸೋಣ" ಎಂದು ಹಟ ಹಿಡಿದಳು. "ಇರುವ ಜಗಳ ಸಾಲದು ಅಂತ ನಾಯಿಗೆ ಸಂಗೀತ ಬೇರೆ ಶುರುಮಾಡ್ತೀರೇನು, ರೀ?" ಎಂದು ಒಳಗಿನಿಂದ ಪ್ರಶ್ನೆ ಬಂತು. ಆದರೂ ಡಬ್ಬಿಯನ್ನು ಸಾಸಿವೆಯ ಪಕ್ಕದಿಂದ ಇಳಿಸಿ ಕೆಳಗೆ ಕಾಣುವ ಕಿಟಕಿಯಲ್ಲಿಟ್ಟೆವು. ಕಾಳ್ಯಾ ಒಂದು ಕಿವಿ ಎತ್ತಿದ. ಆಮೇಲೆ ಆಕಳಿಸಿದ. ಮಗಳು ಗಾಬರಿಯಾಗಿ, "ಅವನಿಗೆ ಮುಜುಗರ ಅಪ್ಪಾ, ಸಣ್ಣದು ಮಾಡಿ" ಎಂದಳು. ಸಣ್ಣದು ಮಾಡಿದೆವು. ಅವನು ಎರಡು ಸುತ್ತು ತಿರುಗಿ, ಮುಂಗಾಲಿನ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿದ. ನಿದ್ದೆ ಬಂದಿತೋ, ಗಾಂಧಾರ ಕೇಳಿಸಿತೋ, ಆ ಬಗ್ಗೆ ಷರಾ ಬರೆಯುವ ಅಧಿಕಾರ ಗುಮಾಸ್ತರಾದ ನಮಗಿಲ್ಲ.